ಫೋರ್ಡ್ ಮಸ್ಟಾಂಗ್ (ಏಳನೆಯ ಪೀಳಿಗೆ)

ಫೋರ್ಡ್ ಮಸ್ಟಾಂಗ್ ಅಮೆರಿಕದ ಫೋರ್ಡ್ ಮೋಟಾರ್ ಕಂಪನಿಯು 1964ರಿಂದ ತಯಾರಿಸುತ್ತ ಬಂದಿರುವ ಸ್ಪೋರ್ಟ್ಸ್ ಕಾರು. ಇದರ ಏಳನೆಯ ಪೀಳಿಗೆಯನ್ನು 2022ರ ಸೆಪ್ಟೆಂಬರ್ 14ರಂದು ಡೆಟ್ರಾಯಿಟ್ ನಗರದಲ್ಲಿ ವಾಹನ ಪ್ರದರ್ಶನದ ಸಂದರ್ಭದಲ್ಲಿ ಅನಾವರಣಗೊಳಿಸಲಾಯಿತು. ಕಂಪನಿಯೊಳಗೆ ಇದಕ್ಕಿರುವ ಸಂಕೇತನಾಮ ‘ಎಸ್650’. ಮಿಷಿಗನ್ ರಾಜ್ಯದ ಫ್ಲ್ಯಾಟ್ ರಾಕ್ ಕಾರ್ಖಾನೆಯಲ್ಲಿ 2023ರಲ್ಲಿ ಇದರ ತಯಾರಿಕೆ ಆರಂಭವಾಯಿತು. ಅಮೆರಿಕದ ವಾಡಿಕೆಯಂತೆ ಮುಂದಿನ ವರ್ಷದ ಹೆಸರಿನಲ್ಲಿ, ಅಂದರೆ 2024ರ ಮಾದರಿಯಾಗಿ, ಇದು ಮಾರುಕಟ್ಟೆಗೆ ಬಂದಿತು.

ರಸ್ತೆಯಲ್ಲಿ ಓಡಿಸುವ ಕಾರಿನ ಜೊತೆಜೊತೆಗೇ ಹಲವು ರೇಸಿಂಗ್ ರೂಪಗಳನ್ನು ಪಡೆದುದು ಈ ಪೀಳಿಗೆಯ ವೈಶಿಷ್ಟ್ಯ. ಅಮೆರಿಕದ ನಾಸ್ಕಾರ್, ಆಸ್ಟ್ರೇಲಿಯದ ಸೂಪರ್‌ಕಾರ್ಸ್, ಫ್ರಾನ್ಸಿನ ಲೆ ಮಾನ್ಸ್ 24 ತಾಸುಗಳ ಓಟ, ಜರ್ಮನಿಯ ಡಿಟಿಎಂ ಮುಂತಾದ ಸ್ಪರ್ಧೆಗಳಲ್ಲಿ ಮಸ್ಟಾಂಗ್ ಹೆಸರಿನ ಕಾರುಗಳು ಓಡುತ್ತವೆ. ಆದರೆ ಇವೆಲ್ಲವೂ ಒಂದೇ ಕಾರಲ್ಲ. ಕೆಲವು ರಸ್ತೆಯ ಕಾರಿಗೆ ತೀರ ಹತ್ತಿರವಾಗಿವೆ. ಕೆಲವಕ್ಕೆ ರಸ್ತೆಯ ಕಾರಿನಿಂದ ಬಂದಿರುವುದು ಹೆಸರು ಮತ್ತು ಮುಖಚಹರೆ ಮಾತ್ರ. ಬೆಂಗಳೂರಿನ ಚಾಲಕ ಅರ್ಜುನ್ ಮೈನಿ 2025ರ ಡಿಟಿಎಂ ಋತುವಿನಲ್ಲಿ ಈ ಪೀಳಿಗೆಯ ಜಿಟಿ3 ಕಾರನ್ನು ಓಡಿಸಿದ್ದರಿಂದ ಕರ್ನಾಟಕಕ್ಕೂ ಇದರ ನಂಟು ಬೆಳೆದಿದೆ.

ಹೆಸರು ಮತ್ತು ಹಿನ್ನೆಲೆ

ಮಸ್ಟಾಂಗ್ ಎಂದರೆ ಅಮೆರಿಕದ ಪಶ್ಚಿಮದ ಬಯಲುಗಳಲ್ಲಿ ಸ್ವೇಚ್ಛೆಯಾಗಿ ಅಲೆಯುವ ಕುದುರೆ. ಕಾರಿನ ಮುಂಭಾಗದಲ್ಲಿ ಕಾಣುವ ಓಡುವ ಕುದುರೆಯ ಲಾಂಛನ ಇದನ್ನೇ ಸೂಚಿಸುತ್ತದೆ. ಮೊದಲ ಮಸ್ಟಾಂಗ್ 1964ರ ಏಪ್ರಿಲ್ 17ರಂದು ನ್ಯೂಯಾರ್ಕ್ ವಿಶ್ವ ಮೇಳದಲ್ಲಿ ಬಿಡುಗಡೆಯಾಯಿತು. ಉದ್ದನೆಯ ಮುಂಭಾಗ, ಗಿಡ್ಡನೆಯ ಹಿಂಭಾಗ, ಎರಡು ಬಾಗಿಲು ಮತ್ತು ಮಧ್ಯಮವರ್ಗದ ಕೈಗೆಟಕುವ ಬೆಲೆ ಇದರ ಲಕ್ಷಣಗಳಾಗಿದ್ದವು. ಇದನ್ನು ಅನುಸರಿಸಿ ಇತರ ಕಂಪನಿಗಳೂ ಇಂಥ ಕಾರುಗಳನ್ನು ತಂದವು. ಈ ಇಡೀ ವರ್ಗಕ್ಕೆ ‘ಪೋನಿ ಕಾರು’ ಎಂಬ ಹೆಸರು ಬಂದುದು ಮಸ್ಟಾಂಗಿನಿಂದಲೇ. 2018ರ ಆಗಸ್ಟ್ ತಿಂಗಳಲ್ಲಿ ಒಂದು ಕೋಟಿಯ ಮಸ್ಟಾಂಗ್ ಕಾರ್ಖಾನೆಯಿಂದ ಹೊರಬಂದಿತು.

2015ರ ಮಾದರಿಯಾಗಿ ಬಂದ ಆರನೆಯ ಪೀಳಿಗೆಯು ಎರಡು ಕಾರಣಗಳಿಂದ ಮುಖ್ಯವಾದುದು. ಮೊದಲನೆಯದಾಗಿ, ಎಲ್ಲ ಮಾದರಿಗಳಲ್ಲೂ ಹಿಂದಿನ ಎರಡು ಚಕ್ರಗಳು ಒಂದನ್ನೊಂದು ಅವಲಂಬಿಸದೆ ಮೇಲೆ ಕೆಳಗೆ ಆಡುವ ಸಸ್ಪೆನ್ಶನ್ ವ್ಯವಸ್ಥೆ ಬಂದಿತು. ಎರಡನೆಯದಾಗಿ, ಬಲಗಡೆ ಸ್ಟೀರಿಂಗ್ ಇರುವ ಮಸ್ಟಾಂಗ್ ಮೊದಲ ಬಾರಿಗೆ ಕಾರ್ಖಾನೆಯಿಂದಲೇ ತಯಾರಾಗಿ ಬಂದಿತು. ಇದರಿಂದ ಬ್ರಿಟನ್, ಆಸ್ಟ್ರೇಲಿಯ, ಭಾರತಗಳಂತಹ ದೇಶಗಳಿಗೆ ಕಾರನ್ನು ಕಳುಹಿಸುವುದು ಸಾಧ್ಯವಾಯಿತು. 2016ರ ಜುಲೈನಲ್ಲಿ ಈ ಕಾರು ಭಾರತದಲ್ಲಿ ಬಿಡುಗಡೆಯಾದಾಗ ಅದರ ಬೆಲೆ ದೆಹಲಿಯಲ್ಲಿ ತೆರಿಗೆ, ನೋಂದಣಿ ವೆಚ್ಚಗಳನ್ನು ಬಿಟ್ಟು 65 ಲಕ್ಷ ರೂಪಾಯಿ ಇದ್ದಿತು. ಏಳನೆಯ ಪೀಳಿಗೆ ಅನಾವರಣಗೊಳ್ಳುವ ಒಂದು ವರ್ಷ ಮೊದಲು, 2021ರ ಸೆಪ್ಟೆಂಬರ್‌ನಲ್ಲಿ, ಫೋರ್ಡ್ ಭಾರತದಲ್ಲಿ ತನ್ನ ಕಾರು ತಯಾರಿಕೆಯನ್ನು ನಿಲ್ಲಿಸುವುದಾಗಿ ಘೋಷಿಸಿತು.

ರಸ್ತೆಯ ಕಾರು

ಏಳನೆಯ ಪೀಳಿಗೆಯು ಆರನೆಯದರ ತಳಹದಿಯನ್ನೇ ಸುಧಾರಿಸಿ ಕಟ್ಟಿದ್ದು. ಎಂಜಿನ್ ಮುಂದಿದ್ದು, ಹಿಂದಿನ ಚಕ್ರಗಳು ಕಾರನ್ನು ನೂಕುವ ಹಳೆಯ ಕ್ರಮ ಹಾಗೆಯೇ ಉಳಿದಿದೆ. ಕೂಪೆ ಹಾಗೂ ಮೇಲ್ಛಾವಣಿ ಮಡಚಬಹುದಾದ ಕನ್ವರ್ಟಿಬಲ್ ಎಂಬ ಎರಡು ಆಕಾರಗಳಲ್ಲಿ ಇದು ದೊರೆಯುತ್ತದೆ. ಅಮೆರಿಕದ ಮಾರುಕಟ್ಟೆಯಲ್ಲಿ ಇದರ ಮುಖ್ಯ ಮಾದರಿಗಳು ಮೂರು.

ಇಕೋಬೂಸ್ಟ್: 2.3 ಲೀಟರಿನ ನಾಲ್ಕು ಸಿಲಿಂಡರಿನ ಟರ್ಬೊ ಎಂಜಿನ್, 315 ಅಶ್ವಶಕ್ತಿ. ಹತ್ತು ಗೇರುಗಳ ಸ್ವಯಂಚಾಲಿತ ಗೇರ್‌ಬಾಕ್ಸ್.

ಜಿಟಿ: ‘ಕೊಯೋಟಿ’ ಎಂದು ಹೆಸರಾದ 5.0 ಲೀಟರಿನ ವಿ8 ಎಂಜಿನ್. 480 ಅಶ್ವಶಕ್ತಿ, ವಿಶೇಷ ನಿಷ್ಕಾಸ ವ್ಯವಸ್ಥೆ ಅಳವಡಿಸಿದರೆ 486. ಆರು ಗೇರುಗಳನ್ನು ಕೈಯಿಂದ ಬದಲಿಸುವ ಗೇರ್‌ಬಾಕ್ಸ್ ಅಥವಾ ಹತ್ತು ಗೇರುಗಳ ಸ್ವಯಂಚಾಲಿತ ಗೇರ್‌ಬಾಕ್ಸ್.

ಡಾರ್ಕ್ ಹಾರ್ಸ್: ಅದೇ ವಿ8 ಎಂಜಿನ್ನನ್ನು ಬಲಪಡಿಸಿ 500 ಅಶ್ವಶಕ್ತಿಗೆ ಏರಿಸಿದ ಮಾದರಿ. ರೇಸ್ ಟ್ರ್ಯಾಕಿನಲ್ಲಿ ದೀರ್ಘಕಾಲ ಓಡಿಸಿದರೂ ಬಿಸಿಯೇರದಂತೆ ತಂಪುಗೊಳಿಸುವ ವ್ಯವಸ್ಥೆ, ಹೆಚ್ಚು ಬಿಗಿಯಾದ ಸಸ್ಪೆನ್ಶನ್ ಇದರಲ್ಲಿವೆ.

ಕುದುರೆ ಪಂದ್ಯದಲ್ಲಿ ಯಾರೂ ನಿರೀಕ್ಷಿಸದೆ ಮುಂದೆ ಬಂದು ಗೆಲ್ಲುವ ಕುದುರೆಯನ್ನು ಇಂಗ್ಲಿಷಿನಲ್ಲಿ ‘ಡಾರ್ಕ್ ಹಾರ್ಸ್’ ಎನ್ನುತ್ತಾರೆ. ರೇಸಿಂಗ್ ರೂಪಗಳಲ್ಲಿ ಕೆಲವು ಈ ಹೆಸರನ್ನೇ ಹೊತ್ತಿವೆ.

ವಿ8 ಎಂದರೆ ಎಂಟು ಸಿಲಿಂಡರುಗಳು ನಾಲ್ಕು ನಾಲ್ಕರಂತೆ ಎರಡು ಸಾಲಾಗಿ ‘ವಿ’ ಆಕಾರದಲ್ಲಿ ಜೋಡಣೆಗೊಂಡ ಎಂಜಿನ್. ಮಸ್ಟಾಂಗಿನ ಸಾಂಪ್ರದಾಯಿಕ ಪ್ರತಿಸ್ಪರ್ಧಿಗಳಾದ ಡಾಜ್ ಚಾಲೆಂಜರ್ ಮತ್ತು ಷೆವರ್ಲೆ ಕಮಾರೊ ಕಾರುಗಳ ತಯಾರಿಕೆ 2023ರ ಡಿಸೆಂಬರ್‌ನಲ್ಲಿ ನಿಂತುಹೋಯಿತು. ಹೀಗಾಗಿ ವಿ8 ಎಂಜಿನ್ನಿನ ಈ ಮೂರು ಹಳೆಯ ಎದುರಾಳಿಗಳಲ್ಲಿ ಮಸ್ಟಾಂಗ್ ಒಂದೇ ಉಳಿಯಿತು.

ಒಳಾಂಗಣದಲ್ಲಿ ಸೂಚಕ ಮುಳ್ಳುಗಳ ಬದಲು ಚಾಲಕನ ಎದುರಿಗೆ 12.4 ಅಂಗುಲದ ಹಾಗೂ ಮಧ್ಯದಲ್ಲಿ 13.2 ಅಂಗುಲದ ಪರದೆಗಳು ಬಂದಿವೆ. ಇವು ಎಲ್ಲ ಮಾದರಿಗಳಲ್ಲೂ ಒಂದೇ ತೆರನಾಗಿಲ್ಲ.

ರೇಸಿಂಗ್ ರೂಪಗಳು

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಜಾತ್ರೆಗಳಲ್ಲಿ ಎತ್ತಿನ ಗಾಡಿಯ ಶರ್ಯತ್ತು ಕಂಡವರಿಗೆ ಒಂದು ಸಂಗತಿ ಗೊತ್ತಿರುತ್ತದೆ. ಕಬ್ಬು ಹೇರುವ ಬಂಡಿಯನ್ನು ಯಾರೂ ಶರ್ಯತ್ತಿಗೆ ಹೂಡುವುದಿಲ್ಲ. ಓಟಕ್ಕೆಂದೇ ಹಗುರವಾದ ಗಾಡಿ ಬೇರೆ ಇರುತ್ತದೆ. ಎರಡನ್ನೂ ಗಾಡಿ ಎಂದೇ ಕರೆದರೂ ಕಟ್ಟುವ ಉದ್ದೇಶ ಬೇರೆ. ಮೋಟಾರು ರೇಸಿಂಗಿನಲ್ಲೂ ಹೀಗೆಯೇ. ಓಟದ ಕಾರು ರಸ್ತೆಯ ಕಾರಿನಿಂದ ಎಷ್ಟು ದೂರ ಹೋಗಬಹುದೆಂಬುದನ್ನು ಆಯಾ ಸ್ಪರ್ಧೆಯ ನಿಯಮಗಳು ನಿರ್ಧರಿಸುತ್ತವೆ. ರಸ್ತೆಯ ಕಾರಿಗೆ ಹತ್ತಿರವಿರುವುದರಿಂದ ಆರಂಭಿಸಿ ದೂರವಿರುವುದರವರೆಗೆ ಮುಖ್ಯ ರೂಪಗಳನ್ನು ಇಲ್ಲಿ ಕ್ರಮವಾಗಿ ವಿವರಿಸಲಾಗಿದೆ.

ಡಾರ್ಕ್ ಹಾರ್ಸ್ ಆರ್

ಇದು ರಸ್ತೆಯ ಕಾರಿಗೆ ಅತ್ಯಂತ ಸಮೀಪದ ರೂಪ. 2023ರಲ್ಲಿ ಪ್ರಕಟವಾದ ಈ ಕಾರು ಫ್ಲ್ಯಾಟ್ ರಾಕ್ ಕಾರ್ಖಾನೆಯಲ್ಲಿಯೇ ರೂಪುಗೊಳ್ಳುತ್ತದೆ. 5.0 ಲೀಟರಿನ ವಿ8 ಎಂಜಿನ್ನೂ ಕೈಯಿಂದ ಬದಲಿಸುವ ಆರು ಗೇರುಗಳೂ ಉಳಿದುಕೊಂಡಿವೆ. ಅಪಘಾತದಲ್ಲಿ ಚಾಲಕನನ್ನು ಕಾಪಾಡಲು ಉಕ್ಕಿನ ಕೊಳವೆಗಳ ಪಂಜರ, ರೇಸಿಂಗ್ ಆಸನ, ಸುರಕ್ಷಿತ ಇಂಧನ ಕೋಶ ಮುಂತಾದವನ್ನು ಸೇರಿಸಲಾಗಿದೆ. ಘೋಷಿಸಿದ ಬೆಲೆ 1,45,000 ಡಾಲರ್.

ಈ ಕಾರಿಗಾಗಿಯೇ 2024ರಲ್ಲಿ ‘ಮಸ್ಟಾಂಗ್ ಚಾಲೆಂಜ್’ ಎಂಬ ಸ್ಪರ್ಧಾ ಸರಣಿ ಅಮೆರಿಕದಲ್ಲಿ ಆರಂಭವಾಯಿತು. ಎಲ್ಲರೂ ಒಂದೇ ಮಾದರಿಯ ಕಾರು ಓಡಿಸುತ್ತಾರೆ. ಯಾರೂ ಒಳಗೆ ಕೈಯಾಡಿಸಿ ಶಕ್ತಿ ಹೆಚ್ಚಿಸದಂತೆ ಎಂಜಿನ್ನಿಗೆ ಮುದ್ರೆ ಹಾಕಿರುತ್ತಾರೆ. ಹಾಗಾಗಿ ಇಲ್ಲಿ ಹಣಬಲಕ್ಕಿಂತ ಚಾಲಕನ ಕೌಶಲಕ್ಕೆ ಹೆಚ್ಚು ಬೆಲೆ.

ಜಿಟಿ4

ಜಿಟಿ4 ಎಂಬುದು ಹವ್ಯಾಸಿ ಚಾಲಕರೂ ಏರುಗತಿಯಲ್ಲಿರುವ ಯುವ ಚಾಲಕರೂ ಭಾಗವಹಿಸುವ ಅಂತಾರಾಷ್ಟ್ರೀಯ ವರ್ಗ. ಮಸ್ಟಾಂಗ್ ಜಿಟಿ4 ಕಾರಿಗೆ ಡಾರ್ಕ್ ಹಾರ್ಸ್ ಮಾದರಿಯೇ ಆಧಾರ. 5.0 ಲೀಟರಿನ ಕೊಯೋಟಿ ಎಂಜಿನ್ ಮುಂದುವರಿದಿದೆ. ಆದರೆ ಗೇರ್‌ಬಾಕ್ಸ್ ಹೊಲಿಂಜರ್ ಕಂಪನಿಯದು. ಚಾಲಕ ಸ್ಟೀರಿಂಗಿನ ಹಿಂದಿರುವ ಪಟ್ಟಿಗಳನ್ನು ಬೆರಳಿನಿಂದ ಎಳೆದು ಗೇರ್ ಬದಲಿಸುತ್ತಾನೆ. ಸಸ್ಪೆನ್ಶನ್ನಿನ ಡ್ಯಾಂಪರುಗಳು ಕೆನಡಾದ ಮಲ್ಟಿಮ್ಯಾಟಿಕ್ ಕಂಪನಿಯವು.

ಜಿಟಿ3

ಜಿಟಿ3 ವರ್ಗವನ್ನು ಅಂತಾರಾಷ್ಟ್ರೀಯ ಮೋಟಾರು ಒಕ್ಕೂಟವಾದ ಎಫ್‌ಐಎ ರೂಪಿಸಿತು. 2006ರಲ್ಲಿ ಯುರೋಪಿನಲ್ಲಿ ಮೊದಲ ಸ್ಪರ್ಧೆಗಳು ನಡೆದವು. ಇಂದು ಪೋರ್ಷೆ, ಫೆರಾರಿ, ಮರ್ಸಿಡಿಸ್, ಬಿಎಂಡಬ್ಲ್ಯು, ಲ್ಯಾಂಬೊರ್ಗಿನಿ, ಷೆವರ್ಲೆ ಮುಂತಾದ ಕಂಪನಿಗಳ ಕಾರುಗಳು ಇದರಲ್ಲಿ ಸೆಣಸುತ್ತವೆ. ಮಸ್ಟಾಂಗ್ ಜಿಟಿ3 ಕಾರನ್ನು 2023ರ ಜೂನ್‌ನಲ್ಲಿ ಲೆ ಮಾನ್ಸ್‌ನಲ್ಲಿ ಅನಾವರಣಗೊಳಿಸಲಾಯಿತು.

ಇಲ್ಲಿ ರಸ್ತೆಯ ಕಾರಿನೊಡನೆ ಸಂಬಂಧ ಇನ್ನಷ್ಟು ಸಡಿಲಗೊಳ್ಳುತ್ತದೆ. ಕಾರನ್ನು ಮಲ್ಟಿಮ್ಯಾಟಿಕ್ ಕಂಪನಿಯ ಸಹಯೋಗದಲ್ಲಿ ನಿರ್ಮಿಸಲಾಗಿದೆ. ಕೊಯೋಟಿ ಎಂಜಿನ್ನನ್ನೇ ಆಧಾರವಾಗಿಟ್ಟುಕೊಂಡು 5.4 ಲೀಟರಿಗೆ ಹಿಗ್ಗಿಸಿದ ವಿ8 ಎಂಜಿನ್ನನ್ನು ಬ್ರಿಟನ್ನಿನ ಎಂ-ಸ್ಪೋರ್ಟ್ ಸಂಸ್ಥೆ ತಯಾರಿಸುತ್ತದೆ. ಗೇರ್‌ಬಾಕ್ಸನ್ನು ಎಂಜಿನ್ನಿನ ಬಳಿಯಿಂದ ತೆಗೆದು ಹಿಂದಿನ ಚಕ್ರಗಳ ನಡುವೆ ಕೂರಿಸಲಾಗಿದೆ. ಮುಂದೆ ಒಟ್ಟಾಗುತ್ತಿದ್ದ ಭಾರ ಇದರಿಂದ ಹಿಂದಕ್ಕೂ ಹಂಚಿಹೋಗಿ ತಿರುವುಗಳಲ್ಲಿ ಕಾರು ಸಮತೋಲದಿಂದ ತಿರುಗುತ್ತದೆ. ಹೊರಮೈಯ ಹಲಗೆಗಳು ಕಾರ್ಬನ್ ನಾರಿನವು. ಹಿಂಬದಿಯ ದೊಡ್ಡ ರೆಕ್ಕೆಯು ಗಾಳಿಯ ಒತ್ತಡವನ್ನು ಬಳಸಿ ಕಾರನ್ನು ನೆಲಕ್ಕೆ ಒತ್ತಿಹಿಡಿಯುತ್ತದೆ.

ಇಂಥ ಕಾರು ಸ್ಪರ್ಧೆಗೆ ಇಳಿಯಬೇಕಾದರೆ ಅದರ ವಿನ್ಯಾಸಕ್ಕೆ ಒಕ್ಕೂಟದ ವಿಧ್ಯುಕ್ತ ಅಂಗೀಕಾರ ದೊರೆಯಬೇಕು. ಇದಕ್ಕೆ ಹೋಮೊಲೊಗೇಶನ್ ಎಂದು ಹೆಸರು. ಅಂಗೀಕಾರವಾದ ಮೇಲೆ ತಂಡಗಳು ಕಾರಿನ ಭಾಗಗಳನ್ನು ತಮಗೆ ತೋಚಿದಂತೆ ಮಾರ್ಪಡಿಸುವಂತಿಲ್ಲ.

ನಾಸ್ಕಾರ್ ಕಾರು

ನಾಸ್ಕಾರ್ ಕಪ್ ಸರಣಿ ಅಮೆರಿಕದ ಅತ್ಯಂತ ಜನಪ್ರಿಯ ಕಾರು ಸ್ಪರ್ಧೆಗಳಲ್ಲಿ ಒಂದು. 2024ರ ಋತುವಿನಿಂದ ಇದರಲ್ಲಿ ಫೋರ್ಡ್ ತಂಡಗಳ ಕಾರುಗಳು ಮಸ್ಟಾಂಗ್ ಡಾರ್ಕ್ ಹಾರ್ಸ್ ರೂಪವನ್ನು ಧರಿಸಿದವು. ‘ಧರಿಸಿದವು’ ಎಂಬ ಮಾತು ಇಲ್ಲಿ ಅಕ್ಷರಶಃ ಸರಿ. ಉಕ್ಕಿನ ಕೊಳವೆಗಳ ಚಾಸಿ, ಗೇರ್‌ಬಾಕ್ಸ್, ಚಕ್ರಗಳು ಇವೆಲ್ಲ ಫೋರ್ಡ್, ಷೆವರ್ಲೆ, ಟೊಯೊಟಾ ಮೂರೂ ಕಂಪನಿಗಳ ತಂಡಗಳಿಗೆ ಸಮಾನವಾಗಿವೆ. ಸುಮಾರು 5.9 ಲೀಟರಿನ ವಿ8 ಎಂಜಿನ್ನಿಗೂ ರಸ್ತೆಯ ಮಸ್ಟಾಂಗಿನ ಎಂಜಿನ್ನಿಗೂ ಸಂಬಂಧವಿಲ್ಲ. ಮಸ್ಟಾಂಗ್ ಎನಿಸುವುದು ಮೇಲಿನ ಕವಚದ ಆಕಾರ ಮಾತ್ರ. ಮುಂದಿನ ದೀಪಗಳು ಕೂಡ ಅಂಟಿಸಿದ ಚಿತ್ರಗಳು. ಈ ರೂಪದ ಮೊದಲ ಋತುವಿನಲ್ಲಿಯೇ ಪೆನ್ಸ್ಕಿ ತಂಡದ ಜೋಯಿ ಲೊಗಾನೊ ಚಾಂಪಿಯನ್ ಆದರು.

ಆಸ್ಟ್ರೇಲಿಯದ ಸೂಪರ್‌ಕಾರ್ಸ್

ಆಸ್ಟ್ರೇಲಿಯದ ಸೂಪರ್‌ಕಾರ್ಸ್ ಸ್ಪರ್ಧೆಯಲ್ಲಿ 2023ರಿಂದ ಏಳನೆಯ ಪೀಳಿಗೆಯ ಆಕಾರದ ಮಸ್ಟಾಂಗ್ ಓಡುತ್ತಿದೆ. ಇಲ್ಲಿಯೂ ಚಾಸಿಯ ವಿನ್ಯಾಸ ಎಲ್ಲರಿಗೂ ಸಮಾನ. ಆದರೆ ನಾಸ್ಕಾರ್‌ನಂತಲ್ಲದೆ, ಎಂಜಿನ್ ಕೊಯೋಟಿಯಿಂದ ರೂಪುಗೊಂಡ 5.4 ಲೀಟರಿನದು. 2023ರಲ್ಲಿ ಅದರ ಎದುರಾಳಿ ಷೆವರ್ಲೆ ಕಮಾರೊ ಆಗಿತ್ತು. ಎರಡು ಕಾರುಗಳ ಆಕಾರವೂ ಎಂಜಿನ್ನೂ ಬೇರೆಬೇರೆಯಾದ್ದರಿಂದ, ಒಂದಕ್ಕೆ ಅನುಕೂಲ ಹೆಚ್ಚಾಗಿದೆಯೇ ಎಂಬ ವಿವಾದ 2023ರ ಋತುವಿನುದ್ದಕ್ಕೂ ನಡೆಯಿತು. ಕೊನೆಗೆ ಎರಡೂ ಕಾರುಗಳನ್ನು ಅಮೆರಿಕದ ಉತ್ತರ ಕ್ಯಾರೊಲೈನಾ ರಾಜ್ಯದ ವಾಯುಸುರಂಗಕ್ಕೆ ಸಾಗಿಸಿ ಗಾಳಿಯ ಒತ್ತಡವನ್ನು ಅಳೆಯಲಾಯಿತು. 2025ರಲ್ಲಿ ಈ ದೇಶದ ಅತಿ ಪ್ರಸಿದ್ಧ ಓಟವಾದ ಬ್ಯಾಥರ್ಸ್ಟ್ 1000 ಕಿಲೋಮೀಟರ್ ಸ್ಪರ್ಧೆಯನ್ನು ಮ್ಯಾಟ್ ಪೇನ್ ಮತ್ತು ಗಾರ್ತ್ ಟ್ಯಾಂಡರ್ ಮಸ್ಟಾಂಗಿನಲ್ಲಿ ಗೆದ್ದರು.

ಸಾಮರ್ಥ್ಯ ಸಮತೋಲನ

ಜಿಟಿ3 ಮತ್ತು ಜಿಟಿ4 ವರ್ಗಗಳಲ್ಲಿ ಎಂಜಿನ್ನಿನ ಗಾತ್ರ, ಅದರ ಸ್ಥಾನ, ಕಾರಿನ ಆಕಾರ ಕಂಪನಿಯಿಂದ ಕಂಪನಿಗೆ ಭಿನ್ನವಾಗಿರುತ್ತವೆ. ಮಸ್ಟಾಂಗಿನ ಎಂಜಿನ್ ಮುಂದಿದೆ. ಪೋರ್ಷೆ 911 ಕಾರಿನದು ಹಿಂದಿದೆ. ಫೆರಾರಿ 296ರದು ನಡುವೆ ಇದೆ. ಇವುಗಳನ್ನು ನಿರ್ಬಂಧವಿಲ್ಲದೆ ಓಡಲು ಬಿಟ್ಟರೆ ಹೆಚ್ಚು ಹಣ ಸುರಿದ ಕಂಪನಿ ಸುಲಭವಾಗಿ ಗೆಲ್ಲುತ್ತದೆ, ಉಳಿದವು ಒಂದೊಂದಾಗಿ ಸ್ಪರ್ಧೆಯನ್ನು ತೊರೆಯುತ್ತವೆ.

ಇದನ್ನು ತಡೆಯಲು ಸಂಘಟಕರು ‘ಸಾಮರ್ಥ್ಯ ಸಮತೋಲನ’ ಎಂಬ ಪದ್ಧತಿಯನ್ನು ಅನುಸರಿಸುತ್ತಾರೆ. ವೇಗ ಹೆಚ್ಚಿರುವ ಕಾರಿಗೆ ತೂಕ ಸೇರಿಸುವುದು, ಎಂಜಿನ್ನಿನ ಶಕ್ತಿಯನ್ನು ತಗ್ಗಿಸುವುದು, ರೆಕ್ಕೆಯ ಕೋನವನ್ನು ನಿಗದಿಪಡಿಸುವುದು ಇದರ ಉಪಾಯಗಳು. ಟ್ರ್ಯಾಕಿನಿಂದ ಟ್ರ್ಯಾಕಿಗೆ ಈ ನಿಬಂಧನೆಗಳು ಬದಲಾಗುತ್ತವೆ. ಇದರಿಂದ ಸ್ಪರ್ಧೆ ಬಿರುಸಾಗಿ ಉಳಿಯುತ್ತದೆ. ಆದರೆ ಗೆಲುವು ಕಾರಿನದೋ ನಿಯಮದ್ದೋ ಎಂಬ ಪ್ರಶ್ನೆಯೂ ಜೊತೆಯಲ್ಲೇ ಉಳಿಯುತ್ತದೆ. ಜಿಟಿ3 ಓಟದ ಫಲಿತಾಂಶವನ್ನು ಓದುವಾಗ ‘ಈ ಕಂಪನಿಯ ಕಾರು ಆ ಕಂಪನಿಯದಕ್ಕಿಂತ ಉತ್ತಮ’ ಎಂದು ತೀರ್ಮಾನಿಸುವುದು ಸರಿಯಲ್ಲದಿರುವುದು ಇದರಿಂದಲೇ. ಅಲ್ಲಿ ಹೆಚ್ಚಾಗಿ ಪರೀಕ್ಷೆಗೆ ಒಳಗಾಗುವುದು ಚಾಲಕರ ಸ್ಥೈರ್ಯ, ತಂಡದ ಯೋಜನೆ ಮತ್ತು ಕಾರಿನ ಬಾಳಿಕೆ.

ಮುಖ್ಯ ಫಲಿತಾಂಶಗಳು

ಮಸ್ಟಾಂಗ್ ಜಿಟಿ3 ತನ್ನ ಮೊದಲ ಓಟವನ್ನು 2024ರ ಜನವರಿಯಲ್ಲಿ ಫ್ಲಾರಿಡಾ ರಾಜ್ಯದ ಡೇಟೋನಾ 24 ತಾಸುಗಳ ಸ್ಪರ್ಧೆಯಲ್ಲಿ ಓಡಿತು. ಅದೇ ವರ್ಷದ ಜೂನ್‌ನಲ್ಲಿ ಲೆ ಮಾನ್ಸ್ 24 ತಾಸುಗಳ ಓಟದ ಎಲ್‌ಎಂಜಿಟಿ3 ವರ್ಗದಲ್ಲಿ ಪ್ರೋಟಾನ್ ತಂಡದ ಮಸ್ಟಾಂಗ್ ಮೂರನೆಯ ಸ್ಥಾನ ಪಡೆಯಿತು. ಜಾರ್ಜಿಯೊ ರೋಡಾ, ಮಿಕೆಲ್ ಪೆಡರ್ಸನ್, ಡೆನಿಸ್ ಓಲ್ಸನ್ ಅದರ ಚಾಲಕರಾಗಿದ್ದರು. ಈ ವರ್ಗವು ಲೆ ಮಾನ್ಸ್‌ನಲ್ಲಿ ನಡೆದದ್ದು ಆ ವರ್ಷವೇ ಮೊದಲು. ಮರುವರ್ಷ, 2025ರ ಜನವರಿಯಲ್ಲಿ, ಡೇಟೋನಾದ ಜಿಟಿಡಿ ಪ್ರೊ ವರ್ಗವನ್ನು ಓಲ್ಸನ್, ಕ್ರಿಸ್ಟೋಫರ್ ಮೀಸ್ ಮತ್ತು ಫ್ರೆಡೆರಿಕ್ ವೆರ್ವಿಶ್ ಮಸ್ಟಾಂಗಿನಲ್ಲಿ ಗೆದ್ದರು.

ಕರ್ನಾಟಕದ ನಂಟು

ಅರ್ಜುನ್ ಮೈನಿ 1997ರ ಡಿಸೆಂಬರ್ 10ರಂದು ಬೆಂಗಳೂರಿನಲ್ಲಿ ಜನಿಸಿದರು. ಮೈನಿ ಮನೆತನ ನಗರದ ಕೈಗಾರಿಕಾ ಕ್ಷೇತ್ರದಲ್ಲಿ ಹೆಸರಾದುದು. 2001ರಲ್ಲಿ ಬೆಂಗಳೂರಿನಿಂದ ಹೊರಬಂದ ‘ರೇವಾ’ ಎಂಬ ಪುಟ್ಟ ವಿದ್ಯುತ್ ಕಾರಿನ ರೂವಾರಿ ಚೇತನ್ ಮೈನಿ ಇವರ ಚಿಕ್ಕಪ್ಪ. ಸದ್ದಿಲ್ಲದೆ ನಗರದ ಬೀದಿಗಳಲ್ಲಿ ಸಾಗುತ್ತಿದ್ದ ಆ ಕಾರಿಗೂ 5.4 ಲೀಟರಿನ ವಿ8 ಎಂಜಿನ್ನಿನ ಮಸ್ಟಾಂಗಿಗೂ ಇರುವ ಅಂತರ ಗಮನಾರ್ಹ.

ಬಾಲ್ಯದಲ್ಲಿ ಗೋ-ಕಾರ್ಟಿಂಗ್‌ನಿಂದ ಆರಂಭಿಸಿದ ಅರ್ಜುನ್, 2011ರಲ್ಲಿ ಫೋರ್ಸ್ ಇಂಡಿಯಾ ತಂಡವು ದೇಶದಾದ್ಯಂತ ನಡೆಸಿದ ಪ್ರತಿಭಾ ಶೋಧದಲ್ಲಿ ಆಯ್ಕೆಯಾದ ಮೂವರಲ್ಲಿ ಒಬ್ಬರು. 2014ರಲ್ಲಿ ಬ್ರಿಟನ್ನಿನ ಬಿಆರ್‌ಡಿಸಿ ಫಾರ್ಮುಲಾ 4 ಸ್ಪರ್ಧೆಯಲ್ಲಿ, ಮುಂದೆ ಫಾರ್ಮುಲಾ 1 ಚಾಲಕರಾದ ಜಾರ್ಜ್ ರಸೆಲ್ ಅವರ ನಂತರ ಎರಡನೆಯ ಸ್ಥಾನ ಗಳಿಸಿದರು. 2017ರಲ್ಲಿ ಬಾರ್ಸಿಲೋನಾದಲ್ಲಿ ಗೆದ್ದು, ಜಿಪಿ3 ಓಟವನ್ನು ಗೆದ್ದ ಮೊದಲ ಭಾರತೀಯರೆನಿಸಿದರು. 2018ರಲ್ಲಿ ಫಾರ್ಮುಲಾ 2, 2019ರಲ್ಲಿ ಲೆ ಮಾನ್ಸ್ ಓಟದ ಎಲ್‌ಎಂಪಿ2 ವರ್ಗಗಳಲ್ಲಿ ಓಡಿಸಿದರು.

ಡಿಟಿಎಂ ಜರ್ಮನಿಯ ಪ್ರತಿಷ್ಠಿತ ಕಾರು ಸ್ಪರ್ಧೆ. 1988ರಲ್ಲಿ ಕ್ಲಾಸ್ ಲುಡ್ವಿಗ್ ಫೋರ್ಡ್ ಸಿಯೆರಾ ಕಾರಿನಲ್ಲಿ ಇದರ ಚಾಂಪಿಯನ್ ಆಗಿದ್ದರು. 2021ರಲ್ಲಿ ಈ ಸ್ಪರ್ಧೆ ಜಿಟಿ3 ನಿಯಮಗಳನ್ನು ಅಳವಡಿಸಿಕೊಂಡಿತು. ಅದೇ ವರ್ಷ ಅರ್ಜುನ್ ಮರ್ಸಿಡಿಸ್ ಕಾರಿನೊಂದಿಗೆ ಡಿಟಿಎಂ ಪ್ರವೇಶಿಸಿದ ಮೊದಲ ಭಾರತೀಯರಾದರು. ಮರುವರ್ಷ ಅವರು ಸೇರಿದ ಎಚ್‌ಆರ್‌ಟಿ ತಂಡವು 2025ರಲ್ಲಿ ಮರ್ಸಿಡಿಸ್ ಬಿಟ್ಟು ಫೋರ್ಡ್ ಜೊತೆ ಕೈಜೋಡಿಸಿತು. ಹೀಗೆ ಅರ್ಜುನ್ ಮತ್ತು ಸ್ವಿಟ್ಜರ್ಲೆಂಡಿನ ಫಾಬಿಯೊ ಶೆರರ್ ಮಸ್ಟಾಂಗ್ ಜಿಟಿ3 ಚಾಲಕರಾದರು. ಒಂದು ಕಾರಿನಲ್ಲಿ ವರ್ಷಗಟ್ಟಲೆ ಪಳಗಿದ ಚಾಲಕ ಇನ್ನೊಂದಕ್ಕೆ ಬಂದಾಗ ಬ್ರೇಕ್ ಹಾಕುವ ಕ್ಷಣ, ತಿರುವಿಗೆ ಹೊರಳಿಸುವ ರೀತಿ, ಟೈರುಗಳನ್ನು ಉಳಿಸಿಕೊಳ್ಳುವ ಹದ ಎಲ್ಲವನ್ನೂ ಹೊಸದಾಗಿ ಕಲಿಯಬೇಕಾಗುತ್ತದೆ.

ಭಾರತದ ಹೆಸರಾಂತ ರೇಸ್ ಟ್ರ್ಯಾಕುಗಳಾದ ಚೆನ್ನೈ ಬಳಿಯ ಇರುಂಗಾಟ್ಟುಕೋಟೈ, ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ, ಗ್ರೇಟರ್ ನೊಯ್ಡಾದ ಬುದ್ಧ ಸರ್ಕೀಟ್ ಮೂರೂ ಕರ್ನಾಟಕದ ಹೊರಗಿವೆ. ಇಲ್ಲಿನ ಯುವಕರು ಕಾರ್ಟಿಂಗ್ ಹಂತ ದಾಟಿದ ಮೇಲೆ ಹೊರರಾಜ್ಯ, ಹೊರದೇಶಗಳಿಗೆ ಹೋಗಬೇಕಾಗುತ್ತದೆ. ಅದಕ್ಕೆ ಹಣಕಾಸಿನ ಬೆಂಬಲವೂ ಬಹಳ ಬೇಕು. ಈ ಕ್ರೀಡೆಯಲ್ಲಿ ರಾಜ್ಯದ ಹೆಸರುಗಳು ವಿರಳವಾಗಿರಲು ಇದೂ ಒಂದು ಕಾರಣ.

ಓಟದಿಂದ ರಸ್ತೆಗೆ: ಮಸ್ಟಾಂಗ್ ಜಿಟಿಡಿ

ಸಾಮಾನ್ಯವಾಗಿ ರಸ್ತೆಯ ಕಾರಿನಿಂದ ಓಟದ ಕಾರು ಹುಟ್ಟುತ್ತದೆ. 2023ರ ಆಗಸ್ಟ್‌ನಲ್ಲಿ ಪ್ರಕಟವಾದ ಮಸ್ಟಾಂಗ್ ಜಿಟಿಡಿ ಇದಕ್ಕೆ ವಿರುದ್ಧವಾದ ದಾರಿ ಹಿಡಿಯಿತು. ಜಿಟಿ3 ಕಾರಿನ ಅನುಭವವನ್ನು ಬಳಸಿ, ನೋಂದಣಿ ಫಲಕ ಹಾಕಿ ರಸ್ತೆಯಲ್ಲಿ ಓಡಿಸಬಹುದಾದಂತೆ ಇದನ್ನು ರೂಪಿಸಲಾಗಿದೆ. ಕಾರ್ಬನ್ ನಾರಿನ ಹೊರಮೈ, ಹಿಂಬದಿಗೆ ಸರಿದ ಎಂಟು ಗೇರುಗಳ ಗೇರ್‌ಬಾಕ್ಸ್, ಸೂಪರ್‌ಚಾರ್ಜರ್ ಇರುವ 5.2 ಲೀಟರಿನ ವಿ8 ಎಂಜಿನ್, 815 ಅಶ್ವಶಕ್ತಿ, ಗಂಟೆಗೆ 325 ಕಿಲೋಮೀಟರ್ ಗರಿಷ್ಠ ವೇಗ ಇದರ ವಿಶೇಷಗಳು. ಬೆಲೆ ಮೂರು ಲಕ್ಷ ಡಾಲರಿಗೂ ಹೆಚ್ಚು.

ಓಡುತ್ತಿರುವಾಗಲೇ ರೆಕ್ಕೆಯ ಕೋನವನ್ನು ಬದಲಿಸುವ ವ್ಯವಸ್ಥೆ ಇದರಲ್ಲಿದೆ. ಜಿಟಿ3 ನಿಯಮಗಳು ಇಂಥ ವ್ಯವಸ್ಥೆಗೂ ಇಷ್ಟು ಶಕ್ತಿಗೂ ಅವಕಾಶ ಕೊಡುವುದಿಲ್ಲ. ಹೀಗೆ ಓಟದ ಕಾರಿಗೆ ನಿಷಿದ್ಧವಾದುದು ರಸ್ತೆಯ ಕಾರಿನಲ್ಲಿ ದೊರೆಯುವ ವಿಚಿತ್ರ ಸನ್ನಿವೇಶ ಉಂಟಾಗಿದೆ. ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್ ಟ್ರ್ಯಾಕಿನ 20.8 ಕಿಲೋಮೀಟರಿನ ಒಂದು ಸುತ್ತನ್ನು 2024ರಲ್ಲಿ ಜಿಟಿಡಿ 6 ನಿಮಿಷ 57.685 ಸೆಕೆಂಡುಗಳಲ್ಲಿ ಮುಗಿಸಿತು. ಏಳು ನಿಮಿಷದೊಳಗೆ ಈ ಸುತ್ತನ್ನು ಮುಗಿಸಿದ ಮೊದಲ ಅಮೆರಿಕನ್ ಕಂಪನಿಯ ಕಾರು ಇದೆಂದು ಫೋರ್ಡ್ ಪ್ರಕಟಿಸಿತು. 2025ರಲ್ಲಿ ಈ ಅವಧಿಯನ್ನು 6 ನಿಮಿಷ 52.072 ಸೆಕೆಂಡುಗಳಿಗೆ ಇಳಿಸಲಾಯಿತು. ಎರಡೂ ಬಾರಿ ಚಾಲಕರಾಗಿದ್ದವರು ಡರ್ಕ್ ಮ್ಯುಲರ್.

ಹೋಲಿಕೆ

ಡಾರ್ಕ್ ಹಾರ್ಸ್ ಆರ್: ಒಡಲು, ಎಂಜಿನ್, ಗೇರ್ ವ್ಯವಸ್ಥೆ ಬಹುಮಟ್ಟಿಗೆ ರಸ್ತೆಯ ಕಾರಿನವು, ಸುರಕ್ಷಾ ಸಾಧನಗಳು ಹೊಸವು.

ಜಿಟಿ4: ಆಧಾರ ಮತ್ತು ಎಂಜಿನ್ ರಸ್ತೆಯ ಕಾರಿನವು, ಗೇರ್‌ಬಾಕ್ಸ್, ಡ್ಯಾಂಪರುಗಳು ರೇಸಿಂಗಿಗಾಗಿ ಮಾಡಿದವು.

ಜಿಟಿ3: ಎಂಜಿನ್ನಿನ ಮೂಲ ರಸ್ತೆಯ ಕಾರಿನದು, ಗಾತ್ರ ಹಿಗ್ಗಿಸಿದ್ದು, ಗೇರ್‌ಬಾಕ್ಸಿನ ಸ್ಥಾನ, ಸಸ್ಪೆನ್ಶನ್, ಹೊರಮೈ ಬೇರೆ.

ಸೂಪರ್‌ಕಾರ್ಸ್: ಎಂಜಿನ್ನಿನ ಮೂಲವೂ ಹೊರ ಆಕಾರವೂ ಮಸ್ಟಾಂಗಿನವು, ಚಾಸಿ ಎಲ್ಲರಿಗೂ ಸಮಾನ.

ನಾಸ್ಕಾರ್ ಕಪ್: ಹೊರ ಆಕಾರ ಮತ್ತು ಹೆಸರು ಮಾತ್ರ ಮಸ್ಟಾಂಗಿನವು.

ಜಿಟಿಡಿ: ಓಟದ ಕಾರಿನ ವಿನ್ಯಾಸದಿಂದ ರಸ್ತೆಗೆ ಇಳಿದದ್ದು.

ಪತ್ರಿಕೆಯಲ್ಲಿ ‘ಮಸ್ಟಾಂಗಿಗೆ ಜಯ’ ಎಂಬ ಸುದ್ದಿಯನ್ನು ಓದುವಾಗ ಅದು ಯಾವ ಸ್ಪರ್ಧೆ, ಯಾವ ವರ್ಗ ಎಂಬುದನ್ನು ಗಮನಿಸಿದರೆ, ಗೆದ್ದ ಕಾರಿಗೂ ಮಾರಾಟ ಮಳಿಗೆಯಲ್ಲಿ ನಿಂತಿರುವ ಕಾರಿಗೂ ಇರುವ ಸಂಬಂಧ ಎಷ್ಟೆಂಬುದು ತಿಳಿಯುತ್ತದೆ.